ಪಟ್ಟಿ ಎತ್ತುವ ಮೊದಲು ಹೆಸರು ಎಣಿಸಿ

ಓದುಗರ ಪ್ರಶ್ನೆ, ತಜ್ಞರ ಉತ್ತರ – ಈ ಬಾರಿ: ಸ್ವತಂತ್ರ ಕಲಾವಿದರು ಮತ್ತು ಹಲವರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವ ಕ್ರೌಡ್‌ಫಂಡಿಂಗ್

ನಾವು ಹನ್ನೆರಡು ಮಂದಿಯ ಹವ್ಯಾಸಿ ನಾಟಕ ತಂಡ. ಸೆಟ್ಟು, ಬೆಳಕು, ವೇಷಭೂಷಣ, ಐದು ಊರಿನ ಪ್ರವಾಸ ಸೇರಿ 3 ಲಕ್ಷ ಬೇಕು. ಕ್ರೌಡ್‌ಫಂಡಿಂಗ್ ಜಾಲತಾಣದಲ್ಲಿ ಹಾಕಿದರೆ ಇಷ್ಟು ಹುಟ್ಟುತ್ತದೆಯೇ? – ವಿದ್ಯಾನಗರ, ದಾವಣಗೆರೆ

ಜಾಲತಾಣ ಹುಂಡಿ ಇದ್ದ ಹಾಗೆ. ಹುಂಡಿ ಇಟ್ಟ ಮಾತ್ರಕ್ಕೆ ಜಾತ್ರೆ ಸೇರುವುದಿಲ್ಲ, ಜನರನ್ನು ನೀವೇ ಕರೆತರಬೇಕು. ಎಲ್ಲಿಯೋ ಇರುವ ಪುಣ್ಯಾತ್ಮರೊಬ್ಬರು ನೋಡಿ ಹಣ ಹಾಕುತ್ತಾರೆ ಎಂದು ನಂಬಿ ಶುರು ಮಾಡಿದ ಅಭಿಯಾನ ಮೊದಲ ವಾರದಲ್ಲೇ ತಣ್ಣಗಾಗುತ್ತದೆ. ಹಾಗಾಗಿ 3 ಲಕ್ಷವನ್ನು ಸದ್ಯ ಬದಿಗಿಟ್ಟು ಹೆಸರು ಎಣಿಸಿ.

ಹನ್ನೆರಡು ಮಂದಿಯೂ ಮೊಬೈಲ್ ತೆರೆದು, ಫೋನ್ ಮಾಡಿದರೆ ‘ಹೇಳಪ್ಪಾ’ ಎನ್ನುವವರನ್ನು ಮಾತ್ರ ಒಂದೇ ಶೀಟಿಗೆ ಇಳಿಸಲಿ. ತಲಾ 150 ಹೆಸರು ಸಿಕ್ಕರೆ 1,800. ಒಂದೇ ಊರಿನ ತಂಡವಾದ್ದರಿಂದ ಒಬ್ಬರೇ ಇಬ್ಬರು ಮೂವರ ಪಟ್ಟಿಯಲ್ಲಿರುತ್ತಾರೆ. ಅವನ್ನು ಹೊಡೆದುಹಾಕಿದರೆ 1,400 ಉಳಿಯಿತು ಎನ್ನೋಣ. ಹತ್ತರಲ್ಲಿ ಒಬ್ಬರು ಕೊಡುತ್ತಾರೆ ಎಂದು ಹಿಡಿಯಿರಿ, ಅದಕ್ಕಿಂತ ಹೆಚ್ಚು ಬೇಡ. 140 ಜನ, ಸರಾಸರಿ 750 ರೂಪಾಯಿ: 1,05,000.

ಇದೂ ಪೂರ್ತಿ ಕೈಗೆ ಬರುವುದಿಲ್ಲ. ಜಾಲತಾಣ ಶೇ 5, ಪಾವತಿ ಗೇಟ್‌ವೇ ಶೇ 2 ತೆಗೆದುಕೊಂಡರೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿ ಒಟ್ಟು ಶೇ 8.26 ಆಗುತ್ತದೆ. ಅಂದರೆ 8,673 ರೂಪಾಯಿ. ಕೊಟ್ಟವರಿಗೆ ಕಳಿಸುವ ಉಡುಗೊರೆಗೆ 10 ಸಾವಿರ. ಉಳಿಯುವುದು 86 ಸಾವಿರ ಚಿಲ್ಲರೆ. 3 ಲಕ್ಷವೆಲ್ಲಿ, 86 ಸಾವಿರವೆಲ್ಲಿ!

ಹಾಗಂತ ಕೈಬಿಡಬೇಕಿಲ್ಲ, ಬಜೆಟ್ಟನ್ನು ಸೀಳಿ. ಪ್ರವಾಸದ ಖರ್ಚನ್ನು ಕರೆಸುವ ಊರಿನ ಸಂಘದವರು ಕೊಡುತ್ತಾರೆ, ಟಿಕೆಟ್ ಕೊಡುತ್ತದೆ. ನಾಟಕ ಕಟ್ಟುವ ಎರಡು ತಿಂಗಳಿಗೆ, ಅಂದರೆ ತಾಲೀಮಿನ ಜಾಗದ ಬಾಡಿಗೆ, ಪ್ಲೈವುಡ್ಡು, ಬಟ್ಟೆ, ಚಹಾಕ್ಕೆ, ಯಾರೂ ಕೊಡುವುದಿಲ್ಲ. ಜನರ ಮುಂದೆ ಅದನ್ನಷ್ಟೇ ಇಡಿ, ಗುರಿ 1 ಲಕ್ಷ ಮಾಡಿ.

‘ಆದರೆ ಸಿನಿಮಾದವರು ಲಕ್ಷಗಟ್ಟಲೆ ಎತ್ತಿದರಲ್ಲ’ ಎಂಬ ಮಾತು ಬಂದೇ ಬರುತ್ತದೆ. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟದ್ದು ನಿಜ. ಆದರೆ ಆ ಐದು ಲಕ್ಷ ಹೆಸರುಗಳು ಸಹಕಾರ ಸಂಘಗಳ ಲೆಕ್ಕದ ಪುಸ್ತಕದಲ್ಲಿ ಆಗಲೇ ಇದ್ದವು. 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಹಾಕಿದರು. ಭಾಗಿಸಿ ನೋಡಿ, ತಲೆಗೆ ಹತ್ತಿರ ಹತ್ತಿರ 50 ಸಾವಿರ. ಅದು ಚಿಲ್ಲರೆ ಹಣವಲ್ಲ. ಆ ಚಿತ್ರದ ನಿರ್ದೇಶಕರಿಗೆ ಮೊದಲೇ ಒಂದು ಸಿನಿಮಾದ ಹೆಸರಿತ್ತು, ಬ್ಲಾಗ್ ಓದುವ ಜನರಿದ್ದರು. ಹಣ ಕೇಳುವ ದಿನಕ್ಕೆ ಜನ ಸಿದ್ಧವಿದ್ದರು ಎಂಬುದೇ ಎರಡರಲ್ಲೂ ಕೆಲಸ ಮಾಡಿದ್ದು.

ಕೇಳುವ ಬಗೆಯ ಬಗ್ಗೆ ಒಂದು ಮಾತು. ವಾಟ್ಸ್‌ಆ್ಯಪ್ ಗುಂಪಿಗೆ ಪೋಸ್ಟರ್ ಎಸೆದರೆ ಕೈಮುಗಿದ ಎಮೋಜಿ ಬರುತ್ತದೆ, ಹಣ ಬರುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗಷ್ಟೇ ಜಾಗ, ಅದೂ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಒಬ್ಬೊಬ್ಬರಿಗೇ, ಹೆಸರು ಹಿಡಿದು, ಮೊತ್ತ ಹೇಳಿ ಬರೆಯಿರಿ: ‘ಮೇಷ್ಟ್ರೇ, ನಮ್ಮ ನಾಟಕದ ತಾಲೀಮು ಶುರುವಾಗಿದೆ. ಒಂದು ದಿನದ ತಾಲೀಮಿಗೆ 1,500 ಖರ್ಚು. ಅರ್ಧ ದಿನ ನಿಮ್ಮ ಲೆಕ್ಕದಲ್ಲಿ ಬರೆದುಕೊಳ್ಳಲೇ? ಲಿಂಕ್ ಕೆಳಗಿದೆ.’ ‘ಕೈಲಾದಷ್ಟು ಸಹಾಯ ಮಾಡಿ’ ಎಂದರೆ ಓದಿದವರು ಎಷ್ಟು ಕೊಡಬೇಕೆಂದು ಯೋಚಿಸುತ್ತಾ ಫೋನು ಕೆಳಗಿಡುತ್ತಾರೆ.

ಮೊದಲ ಮೂರು ದಿನದಲ್ಲಿ ಮೂರನೇ ಒಂದು ಭಾಗ ಬಂದಿರಲೇಬೇಕು. ಖಾಲಿ ಹುಂಡಿಗೆ ಮೊದಲ ಕಾಸು ಹಾಕಲು ಯಾರಿಗೂ ಮನಸ್ಸಾಗದು. ಅದಕ್ಕಾಗಿ ಮನೆಯವರು, ಹಳೆಯ ಸಹಪಾಠಿಗಳು ಹೀಗೆ ನಲವತ್ತು ಜನರಿಂದ ಮೊದಲೇ ಮಾತು ತೆಗೆದುಕೊಂಡು, ಶುರುವಾದ ದಿನವೇ ಹಾಕಿಸಿ. ಹದಿನೈದನೇ ದಿನದ ಹೊತ್ತಿಗೆ ಎಲ್ಲ ನಿಂತಂತೆ ಕಾಣುವುದು ಸಹಜ. ಕೊನೆಯ ಐದು ದಿನ ಮತ್ತೆ ಏರುತ್ತದೆ.

ಜಾಲತಾಣ ಏಕೆ, ಫೋನ್‌ಪೇ ಕ್ಯೂಆರ್ ಹಾಕಿದರೆ ಸಾಲದೇ? ಯಾವ ತಿಂಗಳು ಒಳ್ಳೆಯದು? – ಹರಿಹರ

ಕೊಡುವವರೆಲ್ಲ ಪರಿಚಿತರೇ ಆದರೆ, ಗುರಿ ಲಕ್ಷದ ಒಳಗಿದ್ದರೆ, ಕ್ಯೂಆರ್ ಸಾಕು. ಶುಲ್ಕವೂ ಉಳಿಯುತ್ತದೆ. ಆದರೆ ಮೂರು ಎಡವಟ್ಟುಗಳು ಕಾದಿರುತ್ತವೆ. ಯುಪಿಐಯಲ್ಲಿ ಹೆಸರು ಬರುತ್ತದೆ, ವಿಳಾಸ ಬರುವುದಿಲ್ಲ. ಪುಸ್ತಕವೋ ಟಿಕೆಟ್ಟೋ ಕಳಿಸುವ ಹೊತ್ತಿಗೆ ‘ಮಂಜುನಾಥ ಎಂ’ ಎಂಬ ನಾಲ್ಕು ಮಂದಿಯಲ್ಲಿ ಇವರು ಯಾರೆಂದು ತಡಕಾಡಬೇಕು. ಪಾವತಿಯ ಜೊತೆಗೇ ಗೂಗಲ್ ಫಾರ್ಮ್ ತುಂಬಿಸಿಕೊಳ್ಳಿ, ವಹಿವಾಟಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕೇಳಿ. ಎರಡನೆಯದು, ಸ್ಕ್ರೀನ್‌ಶಾಟ್ ನಂಬಿ ರಸೀದಿ ಕೊಡಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಕೊಡಿ. ಮೂರನೆಯದೇ ದೊಡ್ಡದು. ಒಬ್ಬರ ಸ್ವಂತ ಖಾತೆಗೆ ಹಣ ಬಂದರೆ ನಾಳೆ ತಂಡದೊಳಗೇ ಜಗಳ. ಏಳು ಸದಸ್ಯರಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಂಡು, ಜಂಟಿ ಸಹಿಯ ಖಾತೆ ತೆರೆಯಬಹುದು.

ತಿಂಗಳ ಒಂದರಿಂದ ಹತ್ತನೇ ತಾರೀಖಿನೊಳಗೆ ಶುರು ಮಾಡಿ, ಸಂಬಳದವರ ಕೈಯಲ್ಲಿ ಆಗ ಕಾಸಿರುತ್ತದೆ. ನಮ್ಮ ಕಡೆ ಮೆಕ್ಕೆಜೋಳ ಮಾರಾಟವಾಗಿ, ಭದ್ರಾ ನಾಲೆಯ ಭತ್ತ ಮನೆ ಸೇರಿದ ಮೇಲೆ, ಅಂದರೆ ಡಿಸೆಂಬರ್ ಜನವರಿ ಹೊತ್ತಿಗೆ, ಹಳ್ಳಿಯವರೂ ಕೊಡುವ ಮನಸ್ಸಿನಲ್ಲಿರುತ್ತಾರೆ. ಗಣೇಶನ ಹಬ್ಬದ ಆಸುಪಾಸು ಮಾತ್ರ ಬೇಡವೇ ಬೇಡ. ಓಣಿಗೊಂದು ಪಟ್ಟಿ ಹಿಡಿದು ಬಂದವರಿಗೆ ಕೊಟ್ಟು ಸುಸ್ತಾದವರು ನಿಮ್ಮ ಮೆಸೇಜನ್ನೂ ಅದೇ ಸಾಲಿಗೆ ಸೇರಿಸುತ್ತಾರೆ.

ಚಿತ್ರದುರ್ಗ ಕೋಟೆಯ ಬಗ್ಗೆ 128 ಪುಟದ ಛಾಯಾಚಿತ್ರ ಪುಸ್ತಕ ಮಾಡುತ್ತಿದ್ದೇನೆ. 300 ಪ್ರತಿ, ಬೆಲೆ 900. ಎಷ್ಟು ಗುರಿ ಇಡಲಿ? ಕೊಟ್ಟವರಿಗೆ ಟೀ ಶರ್ಟ್, ಪೋಸ್ಟ್‌ಕಾರ್ಡ್ ಕೊಡಬಹುದೇ? – ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಮೊದಲು ಪುಸ್ತಕವನ್ನು ತೂಗಿ, ಇನ್ನೂ ಅಚ್ಚಾಗದಿದ್ದರೂ ತೂಗಬಹುದು. 24 ಸೆಂ.ಮೀ. ಚೌಕದ ಪುಟವಾದರೆ ಒಂದು ಹಾಳೆಯ ವಿಸ್ತೀರ್ಣ 0.0576 ಚದರ ಮೀಟರ್. 128 ಪುಟವೆಂದರೆ 64 ಹಾಳೆ. 150 ಜಿಎಸ್‌ಎಂ ಕಾಗದಕ್ಕೆ, ಅಂದರೆ ಚದರ ಮೀಟರಿಗೆ 150 ಗ್ರಾಂ ತೂಗುವ ಕಾಗದಕ್ಕೆ, ಇದು 553 ಗ್ರಾಂ ಆಗುತ್ತದೆ. ಗಟ್ಟಿ ರಟ್ಟು 250, ಪೆಟ್ಟಿಗೆ ಮತ್ತು ಬಬಲ್ ಹಾಳೆ 150 ಗ್ರಾಂ ಸೇರಿಸಿದರೆ ಒಂದು ಕೆಜಿಗೆ ಹತ್ತಿರ. ಬೆಲೆ ಇಡುವಾಗ ಎಲ್ಲರೂ ಮರೆಯುವುದು ಈ ತೂಕವನ್ನೇ. ಕೊನೆಗೆ ಅಂಚೆ ಖರ್ಚು ಜೇಬಿನಿಂದ ಹೋಗುತ್ತದೆ.

ಮುದ್ರಕರು 300 ಪ್ರತಿಗೆ ತಲಾ 450 ಹೇಳಿದ್ದಾರೆ ಎಂದುಕೊಳ್ಳೋಣ. ಅಂದರೆ 1,35,000. ಇದು ಹತ್ತು ಮಾರಿದರೂ ಕೊಡಬೇಕು, ಮುನ್ನೂರು ಮಾರಿದರೂ ಕೊಡಬೇಕು. 900 ರೂಪಾಯಿಯಲ್ಲಿ ಪ್ಯಾಕಿಂಗ್ 40, ಅಂಚೆ 60, ಮೇಲೆ ಹೇಳಿದ ಶೇ 8.26ರ ಶುಲ್ಕ 74 ಕಳೆದರೆ ಒಂದು ಪ್ರತಿಗೆ 726 ಉಳಿಯಿತು. 1,35,000 ಭಾಗಿಸು 726: 186 ಪ್ರತಿ. ಅಲ್ಲಿಯವರೆಗೆ ನಿಮಗೆ ಒಂದು ರೂಪಾಯಿಯೂ ಇಲ್ಲ. 200 ಪ್ರತಿ ಹೋದರೆ ಮುದ್ರಣ ತೀರಿ 10,200 ಉಳಿಯುತ್ತದೆ, ಜೊತೆಗೆ ನೂರು ಪುಸ್ತಕ ಅಟ್ಟದ ಮೇಲೆ. ಆದ್ದರಿಂದ ಗುರಿ 190 ಪ್ರತಿ, ಅಂದರೆ 1,71,000. ಅಷ್ಟು ಮುಂಗಡ ಬಾರದಿದ್ದರೆ ಮುದ್ರಣಕ್ಕೇ ಹೋಗಬೇಡಿ. ಗುರಿ ಮುಟ್ಟದಿದ್ದರೆ ಕೊಟ್ಟವರಿಗೆ ಹಣ ವಾಪಸಾಗುವ ಪದ್ಧತಿಯನ್ನೇ ಆರಿಸಿಕೊಳ್ಳಿ. ಬಂದಷ್ಟು ಇಟ್ಟುಕೊಳ್ಳುವ ಪದ್ಧತಿ ಪುಸ್ತಕಕ್ಕೆ ಅಪಾಯ: 60 ಜನರ ಹಣ ಕೈಯಲ್ಲಿ, ಪುಸ್ತಕ ಮಾಡಲು ಸಾಲದು, ವಾಪಸು ಕೊಡಲು ಮನಸ್ಸಿಲ್ಲ.

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಶುರು ಮಾಡಿದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳಿಗೆ ಇದು ಇದೆ. ಜಾಹೀರಾತು, ವಾಣಿಜ್ಯ ಸಾಮಗ್ರಿಗೆ ಇಲ್ಲ. ಡಮ್ಮಿ ಪ್ರತಿ ಒಯ್ದು ಪ್ರಧಾನ ಅಂಚೆ ಕಚೇರಿಯಲ್ಲಿ ತೋರಿಸಿ, ಒಪ್ಪುತ್ತಾರೆಂದು ಖಚಿತವಾದ ಮೇಲೆ ಲೆಕ್ಕಕ್ಕೆ ಸೇರಿಸಿ. ಗಟ್ಟಿ ರಟ್ಟಿನ ಪುಸ್ತಕಕ್ಕೆ ಪೆಟ್ಟು ಬೀಳುವುದು ಮೂಲೆಗೆ. ನಾಲ್ಕು ಮೂಲೆಗೂ ರಟ್ಟಿನ ಟೋಪಿ ಹಾಕಿ, ನೂರಕ್ಕೆ ಮೂರು ಪ್ರತಿ ಬದಲಿಗೆಂದು ತೆಗೆದಿಡಿ.

ಟೀ ಶರ್ಟ್ ಆಸೆ ಬಿಡಿ. ಐದು ಅಳತೆ, ಎರಡು ಬಣ್ಣ, ಕೊನೆಗೆ ಉಳಿಯುವುದೆಲ್ಲ ಎಕ್ಸ್‌ಎಲ್. ಪೋಸ್ಟ್‌ಕಾರ್ಡ್ ಒಳ್ಳೆಯದು, ಪುಸ್ತಕದೊಳಗೇ ಕೂರುತ್ತದೆ, ತೂಕವಿಲ್ಲ. 5,000 ಕೊಡುವವರಿಗೆ ಒಂದು ಬೆಳಗ್ಗೆ ಕೋಟೆಯಲ್ಲಿ ನಿಮ್ಮ ಜೊತೆ ನಡಿಗೆ ಇಡಿ. ತುಪ್ಪದ ಕೊಳ, ಗೋಪಾಲಸ್ವಾಮಿ ಹೊಂಡದ ಬಳಿ ಬೆಳಕು ಯಾವ ಹೊತ್ತಿಗೆ ಹೇಗೆ ಬೀಳುತ್ತದೆಂದು ತೋರಿಸುವುದಕ್ಕೆ ನಿಮಗೆ ಖರ್ಚಿಲ್ಲ, ಅವರಿಗೆ ಬೇರೆಲ್ಲೂ ಸಿಗುವುದಿಲ್ಲ. ಅಂದ ಹಾಗೆ ಕೋಟೆ ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿದೆ. ಪ್ರಚಾರದ ವಿಡಿಯೊಗೆ ಡ್ರೋನ್ ಹಾರಿಸುವ ಯೋಚನೆಯಿದ್ದರೆ ಮೊದಲು ಅನುಮತಿ ಪಡೆಯಿರಿ.

ಕಿರುಚಿತ್ರಕ್ಕೆ ಹಣ ಹಾಕಿದವರಿಗೆ ಲಾಭದಲ್ಲಿ ಪಾಲು ಕೊಡುತ್ತೇನೆಂದು ಪೋಸ್ಟರ್ ಮಾಡಿದ್ದೇನೆ. ಸರಿಯೇ? – ಹೊಳಲ್ಕೆರೆ

ಪೋಸ್ಟರ್ ಇವತ್ತೇ ಇಳಿಸಿ. ಟಿಕೆಟ್, ಹೆಸರು, ಪುಸ್ತಕ ಕೊಡುತ್ತೇನೆ ಎನ್ನುವುದು ಒಂದು. ಲಾಭ ಕೊಡುತ್ತೇನೆ, ಅಸಲು ಮರಳಿಸುತ್ತೇನೆ ಎನ್ನುವುದೇ ಬೇರೆ. ಅದು ಹೂಡಿಕೆ ಅಥವಾ ಠೇವಣಿಯಾಗುತ್ತದೆ, ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮಗಳೂ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯೂ ಬಾಗಿಲಿಗೆ ಬರುತ್ತವೆ. ಕಂಪನಿ ಮಾಡಿ ಖಾಸಗಿಯಾಗಿ ಷೇರು ಕೊಡಲು ದಾರಿಯಿದೆ, ಆದರೆ ಒಂದು ಆರ್ಥಿಕ ವರ್ಷಕ್ಕೆ 200 ಜನರ ಮಿತಿಯಿದೆ, ಜಾಹೀರಾತು ಕೊಡುವಂತಿಲ್ಲ. ಕಿರುಚಿತ್ರಕ್ಕೆ ಲಾಭ ಬರುವುದೇ ಅಪರೂಪ, ಬಾರದ ಲಾಭಕ್ಕೆ ಮಾತು ಕೊಟ್ಟು ತಲೆನೋವು ಏಕೆ?

ಕಾಡುಗೊಲ್ಲ ಗಾಯಕರು ತಮ್ಮ ದೈವ ಜುಂಜಪ್ಪನ ಮೇಲೆ ಹಾಡುವ ಪದ, ಗಣೆ ಎಂಬ ಬಿದಿರು ಕೊಳಲಿನ ವಾದನ ಧ್ವನಿಮುದ್ರಿಸಿ ಆಲ್ಬಂ ಮಾಡುವ ಆಸೆ. ಅಮೆರಿಕದಲ್ಲಿರುವ ನಮ್ಮೂರಿನವರು ಡಾಲರ್ ಕಳಿಸಲು ಸಿದ್ಧ. ಅಲ್ಲಿನ ಕ್ರೌಡ್‌ಫಂಡಿಂಗ್ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಮಾಡಲೇ? – ಚಳ್ಳಕೆರೆ

ಕಿಕ್‌ಸ್ಟಾರ್ಟರ್‌ನಲ್ಲಿ ಭಾರತದಿಂದ ಹಣ ಕೊಡಬಹುದು, ಭಾರತದ ಕಲಾವಿದರು ಅಭಿಯಾನ ಶುರು ಮಾಡಲು ಬರುವುದಿಲ್ಲ. ‘ಅಲ್ಲಿರುವ ಅಣ್ಣನ ಹೆಸರಲ್ಲಿ ಮಾಡೋಣ’ ಎಂದರೆ ತೆರಿಗೆ ಅಣ್ಣನ ತಲೆಗೆ ಬರುತ್ತದೆ, ಅಲ್ಲಿಂದ ಇಲ್ಲಿಗೆ ಬರುವ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಪ್ರಶ್ನೆ ಹಾಗೇ ಉಳಿಯುತ್ತದೆ.

ಈ ಕಾಯ್ದೆಯಲ್ಲಿ ನೋಡಬೇಕಾದ್ದು ಕೊಡುವವರ ಪಾಸ್‌ಪೋರ್ಟ್. ಅಮೆರಿಕದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿಯರೇ. ಅವರ ದೇಣಿಗೆ ಪಡೆಯಲು ನೋಂದಣಿ ಬೇಕು. ಅದಕ್ಕೆ ಸಂಸ್ಥೆ ಮೂರು ವರ್ಷ ಹಳೆಯದಾಗಿದ್ದು, 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು. ಸಣ್ಣ ತಂಡಕ್ಕೆ ಇದು ಎಟುಕುವ ಕೊಂಬೆಯಲ್ಲ. ಅಲ್ಲಿನ ಪೌರತ್ವ ಪಡೆದವರಿಗೆ ಆಲ್ಬಂ ತಯಾರಾದ ಮೇಲೆ ಸರಿಯಾದ ಬೆಲೆಗೆ, ಬಿಲ್ಲು ಹಾಕಿ ಮಾರಿ. ಸಾಮಾನ್ಯ ವ್ಯಾಪಾರದ ಮಾರಾಟ ದೇಣಿಗೆಯಲ್ಲ.

ನೀವು ಕೇಳದ ವಿಷಯವೊಂದಿದೆ. ಪದ ಜನಪದರದ್ದು, ನಿಜ. ಆದರೆ ಆ ದಿನ ಹಾಡಿದ ಹಾಡಿಕೆ ಆ ಗಾಯಕರದ್ದು. ಹಕ್ಕುಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ 50 ವರ್ಷದ ಹಕ್ಕು ಕೊಡುತ್ತದೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು, ಓದಲು ಬಾರದವರಿಗೆ ಎದುರಿಗೇ ಓದಿ ಹೇಳಿ, ಅವರು ‘ಹ್ಞೂಂ’ ಎಂದದ್ದನ್ನೂ ಧ್ವನಿಮುದ್ರಿಸಿ. ಬಜೆಟ್ಟಿನ ಮೊದಲ ಸಾಲು ಸ್ಟುಡಿಯೊ ಅಲ್ಲ, ಗಾಯಕರ ಸಂಭಾವನೆ. ಅದನ್ನು ಅಭಿಯಾನದ ಪುಟದಲ್ಲೂ ಮೊದಲ ಸಾಲಾಗಿ ಬರೆಯಿರಿ. ಕೊಡುವವರು ಮೊದಲು ಹುಡುಕುವುದೂ ಅದನ್ನೇ. ಕೆಲವರಿಗೆ ಗಣೆ ವಾದ್ಯ ಮಾತ್ರವಲ್ಲ, ದೇವರದ್ದು. ಎಲ್ಲಿ, ಯಾವಾಗ ನುಡಿಸಬಹುದು ಎಂಬುದು ಅವರ ತೀರ್ಮಾನ. ಸ್ಟುಡಿಯೊ ಮುಂಗಡ ಕೊಟ್ಟ ಮೇಲೆ ಕೇಳಬೇಡಿ.

ಬಂದ ಹಣಕ್ಕೆ ತೆರಿಗೆ ಇದೆಯೇ? ದಾನಿಗಳು ತಮಗೆ ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿ ಕೇಳುತ್ತಿದ್ದಾರೆ. – ದಾವಣಗೆರೆ

80ಜಿ ರಸೀದಿ ನೋಂದಾಯಿತ ಟ್ರಸ್ಟ್, ಸಂಘಗಳಿಗೆ ಮಾತ್ರ, ಅದಕ್ಕೂ ಪ್ರತ್ಯೇಕ ಅನುಮೋದನೆ ಬೇಕು. ವ್ಯಕ್ತಿಯಾಗಿ ನೀವು ಕೊಡಲಾರಿರಿ, ‘ಇಲ್ಲ’ ಎಂದು ಮೊದಲೇ ಹೇಳಿಬಿಡಿ. ಸಂಬಂಧಿಕರಲ್ಲದವರಿಂದ ಉಡುಗೊರೆಯಾಗಿ ವರ್ಷಕ್ಕೆ 50,000 ದಾಟಿದರೆ ಮೇಲಿನದಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ಪುಸ್ತಕ, ಟಿಕೆಟ್ ಕೊಟ್ಟು ಪಡೆದದ್ದು ಸಾಮಾನ್ಯವಾಗಿ ವ್ಯವಹಾರದ ಆದಾಯ, ಅಲ್ಲಿ ಖರ್ಚು ಕಳೆಯಬಹುದು. ಹಾಗಾಗಿ ಮೊಳೆ ತಂದ ಚೀಟಿಯೂ ಫೈಲಿನಲ್ಲಿರಲಿ. ಮಾರ್ಚ್‌ನಲ್ಲಿ ಹಣ ಬಂದು ಜೂನ್‌ನಲ್ಲಿ ಖರ್ಚಾದರೆ ಎರಡು ಆರ್ಥಿಕ ವರ್ಷಕ್ಕೆ ಹಂಚಿಹೋಗಿ ಲೆಕ್ಕ ಕೆಡುತ್ತದೆ. ಇದೊಂದಕ್ಕೆ ಲೆಕ್ಕಪರಿಶೋಧಕರನ್ನು ಮೊದಲೇ ಕಾಣಿ.

ಆಗಸ್ಟ್‌ಗೆ ಕೊಡುತ್ತೇವೆಂದ ಸಿ.ಡಿ. ಡಿಸೆಂಬರ್ ಆದರೂ ಆಗಿಲ್ಲ. ಕೊಟ್ಟವರಿಗೆ ಮುಖ ತೋರಿಸಲಾಗುತ್ತಿಲ್ಲ. – ಹಿರಿಯೂರು

ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯಕ್ಕೆ ಮರಳಿಸುತ್ತೇವಲ್ಲ, ಇದೂ ಹಾಗೆಯೇ. ತಡವಾದರೆ ಜನ ಸಹಿಸುತ್ತಾರೆ, ಸದ್ದಿಲ್ಲದಿದ್ದರೆ ಸಹಿಸುವುದಿಲ್ಲ. ಇವತ್ತೇ ಎಲ್ಲರಿಗೂ ನಾಲ್ಕು ಸಾಲು ಬರೆಯಿರಿ: ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು, ಎಲ್ಲಿ ನಿಂತಿದೆ, ಹೊಸ ತಾರೀಖು ಯಾವುದು. ಹೊಸ ತಾರೀಖನ್ನು ನೀವು ಅಂದುಕೊಂಡದ್ದಕ್ಕಿಂತ ಎರಡು ತಿಂಗಳು ತಡವಾಗಿಯೇ ಇಡಿ. ಮುಗಿದ ಎರಡು ಹಾಡಿದ್ದರೆ ಅದೇ ಸಂದೇಶದ ಜೊತೆ ಕಳಿಸಿ. ಹಣ ವಾಪಸು ಬೇಕೆನ್ನುವವರಿಗೆ, ಬಂದ ಯುಪಿಐ ವಿಳಾಸಕ್ಕೇ ಮರಳಿಸಿ, ಬೇರೆ ನಂಬರು ಕೊಟ್ಟರೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಕೇಳುವವರು ನೀವು ಹೆದರಿದಷ್ಟು ಇರುವುದಿಲ್ಲ.