ಬೇಗ ವಾಸಿಯಾದರೆ ಅದು ಮೋಸವೇ?

ಪ್ರಶ್ನೆ: ನನ್ನ ಮಗಳು 400 ಮೀಟರ್ ಓಟಗಾರ್ತಿ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿದು ಆರು ವಾರದಿಂದ ಬರೀ ಫಿಸಿಯೋಥೆರಪಿಯಲ್ಲೇ ಇದ್ದಾಳೆ. ಅದೇ ಪೆಟ್ಟು ತಿಂದ ಅವಳ ಪ್ರತಿಸ್ಪರ್ಧಿ ‘ಪಿಆರ್‌ಪಿ’ ಇಂಜೆಕ್ಷನ್ ಹಾಕಿಸಿಕೊಂಡು ನಾಲ್ಕೇ ವಾರಕ್ಕೆ ಟ್ರ್ಯಾಕ್‌ಗೆ ಇಳಿದಳು. ಇದು ದುಡ್ಡಿದ್ದವರ ಡೋಪಿಂಗ್ ಅಲ್ಲವೇ ಡಾಕ್ಟ್ರೇ?

ಉತ್ತರ: ಅಲ್ಲ. ಆದರೆ ನಿಮಗೆ ಬಂದ ಅನುಮಾನ ಒಂದು ಕಾಲಕ್ಕೆ ‘ವಾಡಾ’ಕ್ಕೂ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಬಂದಿತ್ತು. ಪಿಆರ್‌ಪಿ ಅಂದರೆ ರೋಗಿಯದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನಷ್ಟೇ ತೆಗೆದು ಪೆಟ್ಟಾದ ಕಡೆ ಚುಚ್ಚುವುದು. ಅದರಲ್ಲಿ ಬೆಳವಣಿಗೆಗೆ ನೆರವಾಗುವ ಅಂಶಗಳಿವೆ ಎಂದು 2010ರಲ್ಲಿ ಸ್ನಾಯುವಿಗೆ ಚುಚ್ಚುವುದನ್ನು ನಿಷೇಧಿಸಿದರು. ಗಾಯಕ್ಕೆ ಚಿಕಿತ್ಸೆ ಕೊಡುವುದನ್ನು ಮೀರಿ ಇದು ಆಟಗಾರರ ಸಾಮರ್ಥ್ಯ ಹೆಚ್ಚಿಸುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. 2011ರಲ್ಲಿ ನಿಷೇಧ ತೆಗೆದರು. ಅದೇ ಐಜಿಎಫ್-1ನಂಥ ಬೆಳವಣಿಗೆಯ ಅಂಶವನ್ನಷ್ಟೇ ಬೇರ್ಪಡಿಸಿ ಚುಚ್ಚಿದರೆ ಈಗಲೂ ತಪ್ಪೇ.

ಇನ್ನೊಂದು ಮಾತು. ಅವಳು ಬೇಗ ಮರಳಿದ್ದು ಪಿಆರ್‌ಪಿಯಿಂದಲೇ ಎಂದು ನನಗನ್ನಿಸುವುದಿಲ್ಲ. ನೆದರ್ಲೆಂಡ್ಸ್‌ನ ವೈದ್ಯರು ಹ್ಯಾಮ್‌ಸ್ಟ್ರಿಂಗ್ ಪೆಟ್ಟಾದ 80 ಮಂದಿಯಲ್ಲಿ ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು ಚುಚ್ಚಿ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪಿನವರು ಆಟಕ್ಕೆ ಮರಳಲು ಹಿಡಿದದ್ದು ಹೆಚ್ಚುಕಡಿಮೆ 42 ದಿನ. ನಿಮ್ಮ ಮಗಳ ಆರು ವಾರವೂ ಅಷ್ಟೇ ಆಯಿತಲ್ಲ! ಆ ಹುಡುಗಿಯ ಸ್ನಾಯು ಹರಿದದ್ದೇ ಕಡಿಮೆ ಇರಬೇಕು.

ಬೇಗ ವಾಸಿಯಾಗುವುದರಲ್ಲಿ ಮೋಸವಿಲ್ಲ. ಪೆಟ್ಟು ವಾಸಿಮಾಡುವ ನೆಪದಲ್ಲಿ ಮೊದಲಿಲ್ಲದ ಬಲ ತುಂಬಿಸಿಕೊಂಡರೆ, ಇಲ್ಲವೇ ಸುರಕ್ಷತೆಯೇ ಗೊತ್ತಿಲ್ಲದ್ದನ್ನು ಮೈಗೆ ಚುಚ್ಚಿಕೊಂಡರೆ ತಕರಾರು. ಗ್ರೋತ್ ಹಾರ್ಮೋನ್, ಪೆಟ್ಟು ಬೇಗ ವಾಸಿಮಾಡುತ್ತವೆಂದು ಮಾರುವ ಟಿಬಿ-500, ಬಿಪಿಸಿ-157 ಎಂಬ ಪೆಪ್ಟೈಡ್‌ಗಳು (ಪ್ರೋಟೀನಿನ ತುಣುಕಿನಂಥವು) ಎಲ್ಲವೂ ನಿಷೇಧಿತ. ಕೊನೆಯದು ಮನುಷ್ಯರಿಗೆ ಔಷಧವೆಂದು ಒಪ್ಪಿಗೆಯನ್ನೇ ಪಡೆದಿಲ್ಲ, ಆದರೂ ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತದೆ. ಜಿಮ್ ಗೆಳೆಯರು ಹೇಳಿದರೆಂದು ತರಿಸಬೇಡಿ. ಕೀಲುನೋವಿಗೆ ಕೊಡುವ ಕಾರ್ಟಿಸೋನ್ ಇಂಜೆಕ್ಷನ್ ಕೂಡ 2022ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ನಿಜಕ್ಕೂ ಬೇಕಿದ್ದರೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬೇಕು.

ದುಡ್ಡಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಬಿದ್ದ ಮರುದಿನವೇ ಎಂಆರ್‌ಐ, ದಿನವೂ ಪಕ್ಕದಲ್ಲಿ ಫಿಸಿಯೋ ಇದ್ದವರಿಗೆ ಅನುಕೂಲ ಇದ್ದೇ ಇದೆ. ಅದನ್ನು ಯಾವ ಮೂತ್ರ ಪರೀಕ್ಷೆಯೂ ಹಿಡಿಯದು.

ಮಗಳ ವಿಷಯದಲ್ಲಿ ವಾರ ಎಣಿಸುವುದನ್ನು ಬಿಡಿ. ಪೂರ್ತಿ ವೇಗದಲ್ಲಿ ಓಡಿದರೂ ನೋವಿಲ್ಲ, ಎರಡೂ ಕಾಲಿನ ಬಲ ಸರಿಸಮ ಎಂದು ಫಿಸಿಯೋ ಹೇಳುವ ತನಕ ಸ್ಪರ್ಧೆ ಬೇಡ. ಈ ಸ್ನಾಯು ಮತ್ತೆ ಹರಿಯುವುದರಲ್ಲಿ ಕುಖ್ಯಾತ.