ವೇಗೋತ್ಕರ್ಷ–ಕಾಲ ಗ್ರಾಫ್‌ನಿಂದ ವೇಗ ಕಂಡುಹಿಡಿಯಲು ಯಾವ ಸೂತ್ರ ಹಾಕಬೇಕು?

‘ಯು ಪ್ಲಸ್ ಎಟಿ’ (ಆರಂಭಿಕ ವೇಗ ಪ್ಲಸ್ ವೇಗೋತ್ಕರ್ಷ ಗುಣಿಸು ಕಾಲ) ಹಾಕಲಾ, ಇಂಟಿಗ್ರೇಶನ್ (ಡೊಂಕು ಗೆರೆಯ ಕೆಳಗಿನ ವಿಸ್ತೀರ್ಣವನ್ನೂ ತೆಗೆಯುವ ಗಣಿತ) ಕಲಿಯಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಫಸ್ಟ್ ಪಿಯುನಲ್ಲಿ ನಾನೂ ಸೂತ್ರ ಹುಡುಕಿಕೊಂಡೇ ಕೂತಿದ್ದೆ. ಮುಳುಗಿಸಿದ್ದು ಬೇರೆಯೇ.

ಐದು ಅಂಕದ ಲೆಕ್ಕ. ಶುರುವಿನಲ್ಲಿ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, 6 ಮೀ/ಸೆ². ಅಲ್ಲಿಂದ ಗೆರೆ ನೇರವಾಗಿ ಇಳಿದು 4ನೇ ಸೆಕೆಂಡಿಗೆ ಸೊನ್ನೆ ಮುಟ್ಟುತ್ತದೆ. ಆಗ ವೇಗ ಎಷ್ಟು? ಗ್ರಾಫ್ ಕೆಳಗಿನ ವಿಸ್ತೀರ್ಣವೇ ವೇಗ ಅಂತ ಬಾಯಿಪಾಠ ಮಾಡಿದ್ದೆ. ತ್ರಿಕೋನ, ಅರ್ಧ ಗುಣಿಸು 4 ಗುಣಿಸು 6, ಉತ್ತರ 12 ಮೀ/ಸೆ. ಸ್ಕೇಲ್ ಇಟ್ಟು ಸುತ್ತ ಚೌಕ ಬೇರೆ ಹಾಕಿದೆ!

ಪ್ರಶ್ನೆಯ ಮೊದಲ ಸಾಲಿನಲ್ಲೇ ಇತ್ತು: ಬಲಕ್ಕೆ ಪ್ಲಸ್, ಶುರುವಿನಲ್ಲಿ ಕಣ ಎಡಕ್ಕೆ 5 ಮೀ/ಸೆ ವೇಗದಲ್ಲಿ ಹೋಗುತ್ತಿದೆ. ಓದಿರಲಿಲ್ಲ ಅಂತಲ್ಲ, ಓದಿದ್ದೆ. ಆದರೆ ನನ್ನ ಗೈಡಿನಲ್ಲಿ ಬಿಡಿಸಿಟ್ಟ ಲೆಕ್ಕಗಳೆಲ್ಲ ‘ನಿಶ್ಚಲ ಸ್ಥಿತಿಯಿಂದ ಹೊರಟ ಕಣ’ ಅಂತಲೇ ಶುರುವಾಗುತ್ತಿದ್ದವು. ಅಲ್ಲಿ ಆರಂಭಿಕ ವೇಗ ಸೊನ್ನೆ. ಹಾಗಾಗಿ ವಿಸ್ತೀರ್ಣವೇ ಉತ್ತರವಾಗಿಬಿಡುತ್ತಿತ್ತು. ನನ್ನ ತಪ್ಪು ನಿಯಮ ಪ್ರತಿಸಲವೂ ಸರಿ ಉತ್ತರವನ್ನೇ ಕೊಡುತ್ತಿತ್ತು. ಅನುಮಾನ ಬರೋದಾದರೂ ಹೇಗೆ?

ವಿಸ್ತೀರ್ಣ ಹೇಳೋದು ವೇಗ ಎಷ್ಟು ಬದಲಾಯಿತು ಅನ್ನೋದನ್ನು ಮಾತ್ರ. ಮೋಟರ್ ಎಷ್ಟು ನೀರು ಬಿಟ್ಟಿತು ಅಂತ ಗೊತ್ತಾದರೆ ಸಂಪಿನಲ್ಲಿ ಒಟ್ಟು ಎಷ್ಟಿದೆ ಅಂತ ಹೇಳೋಕಾಗಲ್ಲ, ಅಲ್ವಾ? ಮೊದಲೇ ಎಷ್ಟಿತ್ತು ಅಂತಲೂ ಗೊತ್ತಿರಬೇಕು. ಇಲ್ಲಿ ಮೊದಲೇ ಇದ್ದದ್ದು ಮೈನಸ್ 5, ಸೇರಿದ್ದು 12. ಸರಿ ಉತ್ತರ 7 ಮೀ/ಸೆ, ಬಲಕ್ಕೆ.

ಮುಂದಿನ ಉಪಪ್ರಶ್ನೆ, ಕಣ ಯಾವಾಗ ಕ್ಷಣಕಾಲ ನಿಂತಿತು? ನನ್ನ ಲೆಕ್ಕದಲ್ಲಿ ಅದು ಶುರುವಿನಲ್ಲೇ ನಿಂತಿತ್ತು. ನಿಜವಾಗಿ ಎಡಕ್ಕೆ ಹೋಗುತ್ತಿದ್ದ ಕಣ ಸುಮಾರು 0.94 ಸೆಕೆಂಡಿಗೆ ನಿಂತು, ಬಲಕ್ಕೆ ತಿರುಗಿತ್ತು. ಆ ಅಂಕವೂ ಹೋಯಿತು. ಪಕ್ಕದ ಬೆಂಚಿನವನು ಗ್ರಾಫ್ ಸೊನ್ನೆ ಮುಟ್ಟಿದ 4ನೇ ಸೆಕೆಂಡಿಗೆ ನಿಂತಿತು ಅಂತ ಬರೆದಿದ್ದ. ಅಲ್ಲಿ ಸೊನ್ನೆಯಾಗಿದ್ದು ವೇಗೋತ್ಕರ್ಷ, ವೇಗ ಅಲ್ಲ.

ನಿಮ್ಮ ‘ಯು ಪ್ಲಸ್ ಎಟಿ’ ವಿಷಯಕ್ಕೆ ಬರೋಣ. ಗೆರೆ ಅಡ್ಡಕ್ಕೆ ಸಮನಾಗಿದ್ದರೆ ಮಾತ್ರ ಅದು ನಡೆಯುತ್ತೆ. ಈ ಲೆಕ್ಕಕ್ಕೆ 6 ಹಾಕಿದರೆ 19 ಬರುತ್ತೆ, ಶುದ್ಧ ತಪ್ಪು. ಇಂಟಿಗ್ರೇಶನ್ ಬೇಕಾಗೋದು ಗೆರೆ ಡೊಂಕಾದಾಗ. ನೇರ ಗೆರೆಗಳ ಗ್ರಾಫಿಗೆ ತ್ರಿಕೋನ, ಆಯತ ಸಾಕು. ಅಕ್ಷದ ಕೆಳಗಿನ ಭಾಗವನ್ನು ಕಳೆಯಿರಿ, ಕೂಡಬೇಡಿ.

ಪೆನ್ ಎತ್ತಿದ ತಕ್ಷಣ ಆರಂಭಿಕ ವೇಗವನ್ನು ಚಿಹ್ನೆ ಸಮೇತ ಉತ್ತರದ ಮೊದಲ ಸಾಲಿಗೆ ಬರೆಯಿರಿ, ವಿಸ್ತೀರ್ಣ ಆಮೇಲೆ. ಪ್ರಶ್ನೆಯಲ್ಲಿ ಅದನ್ನು ಕೊಟ್ಟೇ ಇಲ್ಲದಿದ್ದರೆ ಸುಮ್ನೆ ಸೊನ್ನೆ ಅಂದುಕೊಳ್ಳಬೇಡಿ. ‘ವೇಗದ ಬದಲಾವಣೆ ಇಷ್ಟು’ ಅಂತ ಬರೆದು ಅಲ್ಲಿಗೇ ನಿಲ್ಲಿಸಿ.