ಮರು: ಸಿಂಗಪುರದಲ್ಲಿ ಗೋಡೆಗೆ ಸ್ಪ್ರೇ ಪೇಂಟ್ ಮಾಡಿದರೆ ದಂಡ ಕಟ್ಟಿ ಬರಬಹುದೇ?

ಇಲ್ಲ. ತಪ್ಪು ಮಾಡಿದವರು 19 ವರ್ಷದ ಹುಡುಗರು, ಪ್ರವಾಸಿಗರು ಅಂತ ಅಲ್ಲಿ ರಿಯಾಯಿತಿ ಸಿಗುವುದಿಲ್ಲ. 1966ರ ವಿಧ್ವಂಸಕ ಕೃತ್ಯ ಕಾಯ್ದೆಯಡಿ 2,000 ಸಿಂಗಪುರ ಡಾಲರ್‌ವರೆಗೆ ದಂಡ ಅಥವಾ 3 ವರ್ಷದವರೆಗೆ ಜೈಲು. ಅದರ ಮೇಲೆ 3ರಿಂದ 8 ಛಡಿಯೇಟು. ಮೊದಲ ತಪ್ಪಿಗೆ ಸೀಮೆಸುಣ್ಣ, ಪೆನ್ಸಿಲ್‌ನಂಥ ಅಳಿಸಬಹುದಾದ ವಸ್ತುವಾಗಿದ್ದರೆ ಏಟಿಲ್ಲ. ಸ್ಪ್ರೇ ಪೇಂಟ್ ಅಳಿಸಿಹೋಗುವಂಥದ್ದಲ್ಲ, ಎಡವಟ್ಟಾಗುವುದೇ ಇಲ್ಲಿ. ಹೆಂಗಸರಿಗೆ, 50 ದಾಟಿದ ಗಂಡಸರಿಗೆ ಛಡಿಯೇಟು ಇಲ್ಲ, ಜೈಲು ಇದ್ದೇ ಇದೆ.

ದೊಡ್ಡವರಿಂದ ಹೇಳಿಸಿದರೆ ಆಗುತ್ತೆ ಅನ್ನೋದನ್ನಂತೂ ಮರೆತುಬಿಡಿ. ಕಾರುಗಳಿಗೆ ಪೇಂಟ್ ಬಳಿದ ಕೇಸಿನಲ್ಲಿ ಸಿಕ್ಕಿಬಿದ್ದ 18ರ ಅಮೆರಿಕನ್ ಹುಡುಗನ ಪರ 1994ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ನರೇ ಕೇಳಿಕೊಂಡರು. 6 ಏಟು 4ಕ್ಕೆ ಇಳಿಯಿತು, ಅಷ್ಟೆ.

ಬಂಧನವಾದರೆ ಭಾರತದ ಹೈಕಮಿಷನ್‌ಗೆ ತಿಳಿಸಿ ಎಂದು ಪೊಲೀಸರನ್ನು ಆಗಲೇ ಕೇಳಬೇಕು. ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟ ಹಕ್ಕು ಅದು, ಆದರೆ ಬಾಯಿಬಿಟ್ಟು ಕೇಳಬೇಕು. ಹೈಕಮಿಷನ್‌ನವರು ಭೇಟಿ ಮಾಡುತ್ತಾರೆ, ಮನೆಗೆ ತಿಳಿಸುತ್ತಾರೆ, ವಕೀಲರನ್ನು ಹುಡುಕಲು ನೆರವಾಗುತ್ತಾರೆ, ಬಿಡಿಸಿಕೊಂಡು ಬರಲಾರರು. ಹೇಳಿಕೆಯನ್ನು ಪೂರ್ತಿ ಓದದೆ ಸಹಿ ಹಾಕಬಾರದು, ಇಂಗ್ಲಿಷ್ ಸರಿಯಾಗಿ ಬಾರದಿದ್ದರೆ ದುಭಾಷಿ ಕೇಳಬೇಕು. ಆ ಕಾಗದವೇ ಕೋರ್ಟಿನಲ್ಲಿ ಸಾಕ್ಷಿ.

ಇನ್ನೊಂದು, ಅಲ್ಲಿ ಉಳಿಯಲು ಕೊಟ್ಟ ಅನುಮತಿಯ ಅವಧಿ ಮುಗಿದ ಮೇಲೆ 90 ದಿನ ಮೀರಿ ಉಳಿದರೂ ಅಲ್ಲಿ ಛಡಿಯೇಟಿದೆ.